ಕಡಿತದ ಮೇಷ್ಟ್ರು

ನಂಜನಗೂಡಿನಲ್ಲಿ ಹೊಸದಾಗಿ ಶೇರು ಕೊಳ್ಳುವವರೆಲ್ಲ ಮೊದಲು ಪುಟ್ಟಬಸವಯ್ಯ ಮೇಷ್ಟ್ರ ಹತ್ತಿರ ಬೈಸಿಕೊಳ್ಳಬೇಕು. ‘ಪೇಪರ್‌ನಲ್ಲಿ ರೇಟು ನೋಡ್ಬೇಡ ಕಣ್ಲಾ! ಹಸು ಕೊಳ್ಳುವಾಗ ಮುಂದೆ ಎಷ್ಟು ಹಾಲು ಕೊಡ್ತದೆ ಅಂತ ನೋಡಲ್ವಾ? ಕಂಪನಿ ಮುಂದೆ ದುಡಿಯೋ ಕಾಸನ್ನೂ ಹಂಗೇ ನೋಡು. ದೂರದ ಕಾಸನ್ನ ನಂಬಬೇಡ. ಒಂದೊಂದು ವರ್ಷ ದೂರ ಹೋದಂಗೆಲ್ಲ ನೂರಕ್ಕೆ ಹನ್ನೆರಡು ಕಡಿ. ಉಳಿದಿದ್ದನ್ನ ಕೂಡು, ಅದೇ ಇವತ್ತಿನ ಬೆಲೆ.’ ಈ ಕಡಿತ ಅವರಿಗೆ ಚಟ. ಅಳಿಯ ದೀಪಾವಳಿಗೆ ಬರುತ್ತೇನೆಂದರೂ ಕಡಿತ, ಪುಢಾರಿ ಸೇತುವೆ ಕಟ್ಟಿಸುತ್ತೇನೆಂದರಂತೂ ಪೂರ್ತಿ ಕಡಿತ. ಡಾಕ್ಟರು ಅವರ ಹೆಂಡತಿ ಇಂದ್ರಾಣಿಗೆ ಇನ್ನು ಆರೇ ತಿಂಗಳು ಎಂದ ದಿನ, ಆಕೆ ‘ಮುಂದಿನ ಪಂಚಲಿಂಗ ದರ್ಶನಕ್ಕೆ ತಲಕಾಡಿಗೆ ಹೋಗೋಣ’ ಎಂದರು. ಅದಕ್ಕಿನ್ನೂ ಮೂರು ವರ್ಷವಿತ್ತು. ಮೇಷ್ಟ್ರು ಏನನ್ನೂ ಕಡಿಯದೆ, ‘ಹೂಂ, ಇಬ್ರೂ ಹೋಗೋಣ’ ಎಂದರು.