ನೀಲಮ್ಮಕ್ಕನ ಗೋವಾ ರೂಪಾಯಿ

ಏಳು ಗಂಡು ಮಕ್ಕಳಾದ ಮೇಲೆ ನಮ್ಮ ಮನೆತನಕ್ಕೆ ಒಂದು ಹೆಣ್ಣು ಕೂಸು ಬಂದಿದೆ, ನನ್ನ ಮಗನ ಮಗಳು! ಇವತ್ತು ತೊಟ್ಟಿಲಿಗೆ ಹಾಕಿದ್ವಿ. ನಾನು ಓದಿದ್ದು ಮೂರನೇ ಕ್ಲಾಸು, ಅಕ್ಷರ ಸೊಟ್ಟ. ಆದರೂ ಖುಷಿ ತಡೆಯಲಾರದೆ ಬರೆಯೋಕೆ ಕೂತೆ. ಕೂತರೆ ಕೂಸಿಗಿಂತ ಮುಂಚೆ ನನ್ನ ವಾರಗಿತ್ತಿ ನೀಲಮ್ಮಕ್ಕನೇ ಕಣ್ಣ ಮುಂದೆ ಬರ್ತಾಳೆ. ಯಾವಾಗಲೂ ಹಂಗೇ, ಎಲ್ಲದಕ್ಕೂ ಆಕೆಯೇ ಮುಂದು.

ಆಕೆ ಹರಿಹರದ ಮೆಣಸಿನಕಾಯಿ ವ್ಯಾಪಾರಿಯ ಮಗಳು, ನಾನು ಕುಕ್ಕುವಾಡದ ಹೊಲಗೆಲಸದವಳು. ಆಕೆಯ ಅಪ್ಪ ರೈಲಿನಲ್ಲಿ ಗೋವಾಕ್ಕೆ ಮೆಣಸಿನಕಾಯಿ ಒಯ್ಯುತ್ತಿದ್ದರು. ಅಲ್ಲಿಂದ ತಂದ ಒಂದು ಬೆಳ್ಳಿ ರೂಪಾಯಿಯನ್ನು ಮಗಳ ಮದುವೆಯಲ್ಲಿ ಉಡಿಗೆ ಹಾಕಿದ್ದರು. ನಮ್ಮ ರೂಪಾಯಿ ಮೇಲೆ ಮೀಸೆ ಗಡ್ಡದ ರಾಜ ಇದ್ದ ಕಾಲದಲ್ಲಿ ಆಕೆಯ ರೂಪಾಯಿ ಮೇಲೆ ಹೆಣ್ಣಿನ ಮುಖ. ಮನೆಯವರೆಲ್ಲ ಅದನ್ನ ಲಕ್ಷ್ಮಿ ಅಂತಲೇ ನಂಬಿದ್ರು. ಶುಕ್ರವಾರ ಬಂತೆಂದರೆ ಆಕೆ ಅದನ್ನ ಹುಣಸೆಹಣ್ಣಿನಿಂದ ತಿಕ್ಕಿ, ಕುಂಕುಮ ಹಚ್ಚಿ, ಹೂವಿಡುತ್ತಿದ್ದಳು. ನಾನು ಕೈ ಚಾಚಿದರೆ, "ನಿನ್ನ ಕೈ ಹಸೀ ಐತೆ, ಬ್ಯಾಡ" ಅನ್ನೋಳು. ನನ್ನ ಕೈ ಒಣಗಿದ್ದೇ ಇಲ್ಲ ಆಕೆಯ ಲೆಕ್ಕದಲ್ಲಿ.

ನನಗೂ ಅಂಥದೊಂದು ಬೇಕು ಅಂತ ಗಂಡನ್ನ ಕಾಡಿದೆ. ಅಷ್ಟರಲ್ಲಿ ಗೋವಾದ ರೈಲೇ ನಿಂತುಹೋಯಿತು. ಪೋರ್ಚುಗೀಸರು ಗೋವಾ ಬಿಡವಲ್ಲರು, ನಮ್ಮ ಸರ್ಕಾರ ಸುಮ್ಮನಿರದು. ಇಬ್ಬರ ಜಗಳದಲ್ಲಿ ನನ್ನ ಲಕ್ಷ್ಮಿ ಆಚೆ ಕಡೆಯೇ ಉಳಿದಳು.

ಒಂದು ದೀಪಾವಳಿ. ಕೆ.ಬಿ. ಬಡಾವಣೆಯ ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ, ರೈಲ್ವೆ ಕೆಲಸದ ಗೋವಾದವರೊಬ್ಬರು ಪೂಜೆಗೆ ಬಂದವರು ತಟ್ಟೆಯಲ್ಲಿದ್ದ ಆ ರೂಪಾಯಿ ನೋಡಿ ನಕ್ಕರು. ಅವರನ್ನ ಬಾಗಿಲಾಚೆ ತಡೆದು ಯಾಕಂತ ಕೇಳಿದೆ. ಅವರ ನಾಡಿನ ಹಳೇ ರೂಪಾಯಿಗೂ ರಾಜನ ಮುಖವೇ ಇತ್ತಂತೆ. ಪೋರ್ಚುಗಲ್‌ನವರು ರಾಜನನ್ನ ಓಡಿಸಿದ ಮೇಲೆ ಆ ಜಾಗಕ್ಕೆ ಈ ಹೆಣ್ಣನ್ನ ಹಾಕಿದರಂತೆ. ಆಮೇಲಿನದಕ್ಕೆ ಮುಖವೇ ಇಲ್ಲ, ಬರೀ ಮುದ್ರೆ. ಈಗ ರೂಪಾಯಿ ಅನ್ನೋ ಹೆಸರನ್ನೂ ತೆಗೆದು ಎಸ್ಕುಡೋ ಅಂತಾರಂತೆ.

ನನಗೆ ಹಬ್ಬದ ಮೇಲೆ ಹಬ್ಬ. ಒಳಗೆ ಬಂದವಳೇ ಮುತ್ತೈದೆಯರ ನಡುವೆ ಹೇಳಿಬಿಟ್ಟೆ: "ಅಕ್ಕಾ, ಇದು ಲಕ್ಷ್ಮಿ ಅಲ್ಲಂತ. ಯಾವಳೋ ಪರದೇಶದಾಕಿ."

ಎಲ್ಲರೂ ಆಕೆಯ ಮುಖ ನೋಡಿದರು. ಆಕೆ ಕುಂಕುಮದ ಬೆರಳು ನಿಲ್ಲಿಸಲಿಲ್ಲ.

"ಇಷ್ಟು ವರ್ಷ ನಮ್ಮನಿ ಕುಂಕುಮ ಹಚ್ಚಿಕೊಂಡಾಳ. ನೀನು ಕುಕ್ಕುವಾಡದಿಂದ ಬಂದು ಈ ಮನಿ ಸೊಸಿ ಆಗಲಿಲ್ಲೇನು? ಈಕೀನೂ ಹಂಗ. ಸುಮ್ನ ಆರತಿ ಹಿಡಿ."

ಹೆಂಗಸರೆಲ್ಲ ನಕ್ಕರು, ನನ್ನ ನೋಡಿ. ಆರತಿ ಹಿಡಿದೆ. ಹೊಟ್ಟೆಯೊಳಗಿನ ಉರಿಗೆ ಆ ಬತ್ತಿ ಏನೂ ಅಲ್ಲ.

ಗೋವಾ ನಮ್ಮದಾದ ಮೇಲೆ, ಅಲ್ಲಿಯ ನಾಣ್ಯ ಇನ್ನು ನಡೆಯೋದಿಲ್ಲ, ಬೆಳ್ಳಿ ಬೆಲೆಗೆ ಮಾರೋಣ ಅಂತ ಆಕೆಯ ಗಂಡ, ನಮ್ಮ ಭಾವನವರು, ಅಂದ್ರು. ಆಕೆ ಎರಡು ದಿನ ಅವರಿಗೆ ಬರೀ ರೊಟ್ಟಿ ಬಡಿಸಿದಳು, ಪಲ್ಯವಿಲ್ಲದೆ. ಮಾತು ಅಲ್ಲಿಗೇ ನಿಂತಿತು.

ಹೋದ ವರ್ಷ ಹರಿಹರದಲ್ಲಿ, ಮಗನ ಮನೆಯಲ್ಲಿ ಹಾಸಿಗೆ ಹಿಡಿದಳು. ನೋಡೋಕೆ ಹೋದರೆ, ಹುಣಸೆಹಣ್ಣು ನೆನೆಸಿಕೊಂಡು ಬಾ ಅಂದಳು. ತನ್ನ ಕೈಲಿ ಆಗವಲ್ಲದು, ನೀನು ತಿಕ್ಕು ಅಂತ ಆ ರೂಪಾಯಿ ಕೊಟ್ಟಳು. ಮೊದಲ ಸಲ ನನ್ನ ಕೈಗೆ ಬಂತು. ತಿಕ್ಕೀ ತಿಕ್ಕೀ ಮೂಗು ಸವೆದಿತ್ತು, ಆ ಹೆಣ್ಣು ಈಗ ಯಾರಾದರೂ ಆಗಬಹುದಿತ್ತು. ಯಾರಿಗೆ ಕೊಡ್ತೀ ಅಂತ ಕೇಳಿಯೇಬಿಟ್ಟೆ.

"ನಮ್ಮಿಬ್ಬರ ಮನ್ಯಾಗ ಮೊದಲು ಹುಟ್ಟೋ ಹೆಣ್ಣಿಗೆ," ಅಂದಳು. ತುಸು ಉಸಿರು ತಗೊಂಡು, "ನಿನಗಲ್ಲ ಮತ್ತ."

ತಿಂಗಳೊಳಗೆ ಹೋದಳು.

ಆಕೆಯ ಸೊಸೆಯೂ ನನ್ನ ಸೊಸೆಯೂ ಒಟ್ಟಿಗೇ ಬಸುರಾದರು. ಅವರಲ್ಲಿ ಗಂಡು ಅಂತ ಸುದ್ದಿ ಬಂದ ದಿನ ನಾನು ಒಳಗೆ ಹೋಗಿ ಬೆಲ್ಲ ತಿಂದೆ. ಆಮೇಲೆ ನಮ್ಮಲ್ಲಿ ಹೆಣ್ಣು. ಆದರೆ ನೀಲಮ್ಮಕ್ಕನ ಮಾತು ಆಕೆಯ ಮಗ ನಡೆಸ್ತಾನೋ ಇಲ್ಲೋ ಅಂತ ಇವತ್ತಿನವರೆಗೂ ನನಗೆ ನಿದ್ದೆಯಿಲ್ಲ. ನಡೆಸಿದ. ಹರಿಹರದ ಬಸ್ಸಿಳಿದು ಬಂದವನೇ ಕೂಸಿನ ತಲೆದಿಂಬಿನ ಕೆಳಗೆ ಅದನ್ನಿಟ್ಟ.

ಸಂಜೆ ಎರಡೂ ಮನೆಯವರು ಸಾಲಾಗಿ ಊಟಕ್ಕೆ ಕೂತರು. ನಾನು ಮಧ್ಯಾಹ್ನದಿಂದ ಬೆಂಕಿಯ ಮುಂದೆ ಕೂತು ಬೇಯಿಸಿದ ಹೋಳಿಗೆ. ಎಲ್ಲರ ಬಾಯಲ್ಲೂ ನೀಲಮ್ಮಕ್ಕನ ಮಾತು: ಆಕೆ ಹಿಂಗ ಅಂತಿದ್ಲು, ಹಂಗ ಮಾಡ್ತಿದ್ಲು, ಆಕೆಯ ಕೈ ಹೋಳಿಗೆ ಇನ್ನೂ ತೆಳ್ಳಗಿರ್ತಿತ್ತು. ನನ್ನ ಸೊಸೆಯಂತೂ ಕೂಸಿನ ಹಣೆ ಥೇಟ್ ದೊಡ್ಡತ್ತೆಯದು ಅಂದಳು. ರಕ್ತಸಂಬಂಧವೇ ಇಲ್ಲ, ಹಣೆ ಎಲ್ಲಿಂದ ಬಂತೋ.

ಕೇಳಿ ಮೈ ಉರಿಯಿತು. ಆಕೆಯ ಮಗನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದೆ.