ಫಕೀರನಿಗೂ ಒಂದು ಮನೆ

ಎಂಬತ್ತರ ದಶಕದ ಶ್ರೀನಿವಾಸಪುರ. ನಮ್ಮ ಬೀದಿಯಲ್ಲಿ ಟೀವಿ ಇದ್ದದ್ದು ಎದುರುಮನೆಯವರಲ್ಲಿ ಮಾತ್ರ. ಬೀದಿಗೆಲ್ಲ ಆ ಮನೆಯೊಡತಿ ಖಾಲಾ, ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ. ವಾರಕ್ಕೊಂದು ಸಂಜೆ ಹಿಂದಿಯಲ್ಲಿ ದೆವ್ವದ ಧಾರಾವಾಹಿ ಬರುತ್ತಿತ್ತು. ನಮಗಾರಿಗೂ ಹಿಂದಿ ಬಾರದು. ಖಾಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಒಂದೊಂದು ಮಾತನ್ನೂ ಕನ್ನಡಕ್ಕೆ ತಂದು ಹೇಳುತ್ತಿದ್ದರು, ನಡುನಡುವೆ ತೆಲುಗು ಸೇರಿಸಿ.

ಆ ಕಥೆಯಲ್ಲಿದ್ದ ಒಬ್ಬನೇ ಮುಸ್ಲಿಮನೆಂದರೆ ಒಬ್ಬ ಫಕೀರ. ಹಸಿರು ನಿಲುವಂಗಿ, ಕೆಂಗಣ್ಣು, ಸುತ್ತ ಲೋಬಾನದ ಹೊಗೆ. ಬಂಗಲೆಗೆ ದೆವ್ವ ಬಿಟ್ಟವನು ಅವನೇ ಎಂದು ಮಾರನೆಯ ದಿನ ನಲ್ಲಿಯ ಹತ್ತಿರ ಹೆಂಗಸರು ವಾದಿಸುತ್ತಿದ್ದರು. ಖಾಲಾ ಬಿಂದಿಗೆ ಇಳಿಸಿ, “ಇರ್ಲಿ ಬಿಡ್ರಮ್ಮಾ, ಅವನ್ಗೂ ಒಂದು ಮನೆ ಐತಲ್ಲ” ಎನ್ನುತ್ತಿದ್ದರು.

ಒಮ್ಮೆ ಮಿಲಿಟರಿಯಿಂದ ರಜೆಗೆ ಬಂದಿದ್ದ ನನ್ನ ಸೋದರಮಾವನೂ ನಮ್ಮ ಜೊತೆ ಕೂತಿದ್ದರು. ಫಕೀರ ಅಬ್ಬರಿಸಿದ.

“ಮನೇಲಿ ಮಕ್ಳು ಉಂಡ್ರೋ ಇಲ್ವೋ ಅಂತಾನೆ” ಎಂದರು ಖಾಲಾ.

ಮಾವ ಬಿದ್ದು ಬಿದ್ದು ನಕ್ಕು, “ಅಲ್ಲ ಕಣಕ್ಕಾ, ಎಲ್ರನ್ನೂ ಸುಟ್ಟು ಬೂದಿ ಮಾಡ್ತೀನಿ ಅಂತಿದಾನೆ!” ಎಂದು ಅಮ್ಮನಿಗೆ ಹೇಳಿದರು.

ಖಾಲಾ ಟೀವಿಯಿಂದ ಕಣ್ಣು ಕೀಳಲಿಲ್ಲ. “ಬರೆದೋರು ಅವನ್ಗೆ ಮನೆ ಕೊಡ್ಲಿಲ್ಲ ಕಣಪ್ಪಾ. ಅದ್ಕೇ ನಾನ್ ಕೊಟ್ಟೆ.”

ಅಮ್ಮ ತಮ್ಮನನ್ನು ಗದರಿದಳು. “ನೀನು ಸುಮ್ನಿರೋ. ಖಾಲಾ, ನೀವು ಹೇಳಿ.”

ನಮಗೆ ಹಿಂದಿ ಬಾರದಿದ್ದದ್ದು ಎಂಥ ಪುಣ್ಯ! ಕೊನೆಯ ಕಂತಿನಲ್ಲಿ ಫಕೀರ ಸತ್ತಾಗ ಬೇರೆ ಬೀದಿಗಳಲ್ಲಿ ಚಪ್ಪಾಳೆ ತಟ್ಟಿದರಂತೆ. ಖಾಲಾ ಮನೆಯಲ್ಲಿ ಅಮ್ಮ ಕಣ್ಣೊರೆಸಿಕೊಂಡು ಕೇಳಿದಳು: “ಪಾಪ, ಆ ಮಕ್ಳಿಗೆ ಇನ್ಯಾರು ಊಟಕ್ಕಿಕ್ತಾರೆ?”