ಬರೀ ‘ಹ್ಞೂಂ’ ಅಂದರೆ ಇಳಿಯಲು ಬಿಡುವುದಿಲ್ಲ

ನಮ್ಮ ಮನೆಯಲ್ಲಿ ದಿನಾ ಸಂಜೆ ಹುಬ್ಬಳ್ಳಿಯಿಂದ ಪುಣೆಗೆ ಒಂದು ವಿಮಾನ ಬರುತ್ತದೆ. ಪೈಲಟ್ ನಾನೇ. ವಿಮಾನ ಇರುವುದು ಕಂಪ್ಯೂಟರಿನ ಒಳಗೆ, ಕಂಪ್ಯೂಟರು ಇರುವುದು ಅಡುಗೆಮನೆಗೆ ಹೋಗುವ ದಾರಿಯಲ್ಲಿ. ಹೀಗಾಗಿ ಯಾರಾದರೂ ಫ್ರಿಜ್ಜಿನ ಬಾಗಿಲು ತೆಗೆದರೆ ಪೈಲಟ್ ಕುರ್ಚಿ ಸಮೇತ ಪಕ್ಕಕ್ಕೆ ಸರಿಯಬೇಕು. ಈ ವಯಸ್ಸಿನಲ್ಲಿ ಇದೆಂಥ ಆಟ ಎಂದು ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ಹಗಲಿಡೀ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೂತು, ಕಾತ್ರಜ ಘಾಟಿನಲ್ಲಿ ಸಿಕ್ಕಿಬಿದ್ದ ಲಾರಿ ಡ್ರೈವರುಗಳಿಗೆ ಫೋನು ಹಚ್ಚಿ ‘ಎಲ್ಲಿದ್ದೀಯಪ್ಪಾ’ ಎಂದು ಮರಾಠಿಯಲ್ಲಿ ಗೋಗರೆಯುವವನಿಗೆ ಸಂಜೆ ಒಂದಿಷ್ಟು ಆಕಾಶ ಬೇಡವೇ?

ಆಕಾಶವೇನೋ ಚೆನ್ನಾಗಿಯೇ ಸಿಕ್ಕಿತು. ಮೋಡ, ಗಾಳಿ, ಸೂರ್ಯಾಸ್ತ ಎಲ್ಲ ಥೇಟ್ ಅಸಲಿನ ಹಾಗೆ. ಸಿಗದೇ ಹೋದದ್ದು ಕಂಟ್ರೋಲರ್. ನಿಜವಾದ ಪೈಲಟ್ಟಿಗೆ ನೆಲದ ಮೇಲೆ ಕೂತವನೊಬ್ಬ ‘ಈಗ ಏರು, ಈಗ ತಿರುಗು, ಈಗ ಇಳಿ’ ಎಂದು ರೇಡಿಯೋದಲ್ಲಿ ಹೇಳುತ್ತಿರುತ್ತಾನಲ್ಲ, ಅವನು. ಆಟದ ಜೊತೆ ಪುಕ್ಕಟೆ ಬಂದ ಕಂಟ್ರೋಲರ್ ಒಂದು ಯಂತ್ರದ ದನಿ. ಅದರ ಬಾಯಲ್ಲಿ ಹುಬ್ಬಳ್ಳಿ ಯಾವುದೋ ಫ್ರೆಂಚ್ ಊರಾಗುತ್ತಿತ್ತು. ಅದನ್ನೂ ಕ್ಷಮಿಸಿದೆ. ಆದರೆ ಒಮ್ಮೆ ಅದು ಹೇಳಿದ್ದಕ್ಕೆ ಪೂರ್ತಿ ಉಲ್ಟಾ ಹೊಡೆದು ನಾನು ಗುಡ್ಡದ ಮೇಲಿನಿಂದ ಕೂದಲೆಳೆಯಲ್ಲಿ ಪಾರಾದಾಗಲೂ ಅದೇ ಸೌಮ್ಯ ದನಿಯಲ್ಲಿ ‘ಗುಡ್ ಡೇ’ ಎಂದಿತು! ಅಯ್ಯೋ, ಒಂದು ಮಾತು ಬೈಯದವನನ್ನು ಮನುಷ್ಯ ಎಂದು ನಂಬುವುದು ಹೇಗೆ?

ಆಗ ಗೊತ್ತಾಯಿತು, ಜೀವಂತ ಮನುಷ್ಯರೇ ತಮ್ಮ ತಮ್ಮ ಮನೆಯಲ್ಲಿ ಕೂತು ಬರೀ ಹವ್ಯಾಸಕ್ಕಾಗಿ ಕಂಟ್ರೋಲರ್ ಆಗುವ ಇಂಟರ್ನೆಟ್ ಕೂಟವೊಂದಿದೆ ಎಂದು. ಸೇರಿಕೊಂಡೆ. ಅಲ್ಲಿನ ಮೊದಲ ಪಾಠಕ್ಕೆ ರೀಡ್‌ಬ್ಯಾಕ್ ಎಂದು ಹೆಸರು. ಕಂಟ್ರೋಲರ್ ಹೇಳಿದ್ದನ್ನು ಪೈಲಟ್ ತನ್ನ ಬಾಯಿಂದ ಮತ್ತೆ ಪೂರ್ತಿ ಹೇಳಬೇಕು. ಬರೀ ‘ಆಯ್ತು’ ಅಂದರೆ ನಡೆಯದು. ಯೋಚಿಸಿ ನೋಡಿದರೆ ಇದೇನು ಪಾಶ್ಚಾತ್ಯರ ಆವಿಷ್ಕಾರವಲ್ಲ. ಪುರೋಹಿತರು ಸಂಕಲ್ಪ ಹೇಳಿಸುವುದು ಹೀಗೆಯೇ. ಹೋಟೆಲಿನ ಮಾಣಿ ‘ಎರಡು ಇಡ್ಲಿ, ಒಂದು ವಡೆ, ಚಟ್ನಿ ಬೇರೆ’ ಎಂದು ಒಪ್ಪಿಸುವುದೂ ಇದನ್ನೇ. ನಮ್ಮ ಲಾರಿ ಡ್ರೈವರುಗಳಿಗೆ ಮಾತ್ರ ಇದು ಗೊತ್ತಿಲ್ಲ. ಏನು ಹೇಳಿದರೂ ಮರಾಠಿಯಲ್ಲಿ ‘ಹೋ, ಹೋ ಸಾಹೇಬ’, ಹೌದು ಹೌದು ಎನ್ನುತ್ತಾರೆ. ಸಾಂಗ್ಲಿಗೆ ಹೋಗಬೇಕಾದ ಮಾಲು ಸೊಲ್ಲಾಪುರದಲ್ಲಿ ಇಳಿದಿರುತ್ತದೆ.

ನನ್ನ ಹೆಂಡತಿ ಸುನಂದಾಳ ಪ್ರಕಾರ ನಾನೂ ಅದೇ ಜಾತಿಯ ಡ್ರೈವರು. ಅವಳು ಏನು ಹೇಳಿದರೂ ‘ಹ್ಞೂಂ’ ಎನ್ನುತ್ತೇನೆ. ಈ ಹ್ಞೂಂಗೆ ಕೇಳಿಸಿತು ಎಂದೂ ಅರ್ಥವಿಲ್ಲ, ಒಪ್ಪಿದೆ ಎಂದೂ ಇಲ್ಲ. ಉಸಿರಾಡುತ್ತಿದ್ದೇನೆ ಎಂದಷ್ಟೇ. ವರ್ಷವಿಡೀ ಮಂಡಿ ನೋವಿನಲ್ಲಿ ನರಳಿದ ಅವಳು, ನೋವು ಇಳಿದರೆ ಜೇಜುರಿಯ ಮೆಟ್ಟಿಲು ಹತ್ತಿ ಬರುತ್ತೇನೆಂದು ಖಂಡೋಬನಿಗೆ ಹರಕೆ ಹೊತ್ತಿದ್ದಳು. ನೋವು ಇಳಿಯಿತು. “ಮಂಡಿ ಮತ್ತ ಹಿಡಿಯೂದ್ರಾಗ ಹೋಗಿ ಬರೋಣ್ರಿ” ಎಂದಳು. ಹ್ಞೂಂ ಎಂದೆ. ಒಂದು ಭಾನುವಾರ ಹೋಯಿತು, ಇನ್ನೊಂದೂ ಹೋಯಿತು. “ನಿನ್ನೆ ಹುಬ್ಬಳ್ಳಿಯಿಂದ ಬರೂ ಮುಂದ ಜೇಜುರಿ ಮ್ಯಾಲಿಂದನ ಬಂದೆ. ಕೈ ಮುಗದೇನಿ” ಎಂದು ಸಮಾಧಾನ ಹೇಳಿದರೆ, “ದೇವರು ಕೆಳಗ ಅದಾನ್ರಿ” ಎಂದು ಒಳಗೆ ಹೋದಳು. ಅವತ್ತು ಅವಳು, ಮಂಡಿ ಮತ್ತೆ ಹಿಡಿದವಳಂತೆ, ಗೋಡೆ ಹಿಡಿದುಕೊಂಡು ಹೋದದ್ದು ಕಂಡು ನನಗೆ ಒಳಗೊಳಗೇ ಕೆಡುಕೆನಿಸಿತು. ಆದರೂ ಸಂಜೆ ವಿಮಾನ ಏರಿದೆ.

ಆ ಶನಿವಾರ ಕೂಟದವರೆಲ್ಲ ಪುಣೆಯಲ್ಲಿ ಇಳಿಯುವ ಕಾರ್ಯಕ್ರಮವಿತ್ತು. ಮುಂದೆ ವಿಮಾನ, ಹಿಂದೆ ವಿಮಾನ, ನಡುವೆ ನಾನು. ಕಾಕ್‌ಪಿಟ್ಟಿನ ಗಾಂಭೀರ್ಯ ಇರಲೆಂದು ಸ್ಪೀಕರ್ ದೊಡ್ಡದಾಗಿಯೇ ಇಟ್ಟಿದ್ದೆ. ರನ್‌ವೇ ಕಾಣತೊಡಗಿತು. ಅದೇ ಹೊತ್ತಿಗೆ ಸುನಂದಾ ಬಂದು ಒಗ್ಗರಣೆ ಅವಲಕ್ಕಿಯ ತಾಟನ್ನು ಕೀಬೋರ್ಡಿನ ಅಂಚಿಗೆ ಇಟ್ಟು ಸೊಂಟದ ಮೇಲೆ ಕೈಯಿಟ್ಟಳು.

“ನಾಳೆ ಮುಂಜಾನಿ ಏಳಕ್ಕ ಸ್ವಾರಗೇಟ್. ಅಲ್ಲಿಂದ ಜೇಜುರಿ ಬಸ್ಸು. ಅರಿಶಿನದ ಭಂಡಾರ ನಾನು ತಗೊಂತೀನಿ, ಕೊಬ್ಬರಿ ನೀವು ತರಬೇಕು. ಕೇಳಸ್ತೇನ್ರಿ?”

“ಹ್ಞೂಂ.”

“ಏನ್ ಹ್ಞೂಂ? ನಿಮ್ಮ ವಿಮಾನದ ಮಾತಿಗಿರೂ ಕಿವಿ ನನ್ನ ಮಾತಿಗಿಲ್ಲೇನು? ನನ್ನ ಮಂಡಿ ನಿಮ್ಮ ಸಲುವಾಗಿ ಕಾಯ್ಕೋತ ಕೂಡೂದಿಲ್ಲ!”

“ಹ್ಞೂಂ.”

ಪರದೆಯ ಮೇಲೆ ಒಂದು ಸಂದೇಶ ಮೂಡಿತು: ನಿಮ್ಮ ಮೈಕ್ ಆನ್ ಆಗಿಯೇ ಇದೆ. ನೋಡಿದರೆ ಮಾತಾಡುವಾಗ ಒತ್ತಬೇಕಾದ ಕೀಲಿಯ ಮೇಲೆ ಅವಲಕ್ಕಿ ಕೂತಿದೆ! ಆಕಾಶದಲ್ಲಿದ್ದವರೆಲ್ಲ ನಮ್ಮ ಸಂಸಾರ ಕೇಳಿದ್ದಾರೆ. ತಾಟು ಎತ್ತಿದ ಮೇಲೆಯೇ ರೇಡಿಯೋ ಬೇರೆಯವರಿಗೆ ಬಿಡುವಾಯಿತು. ಸ್ಪೀಕರಿನಿಂದ ಕಂಟ್ರೋಲರನ ದನಿ, ಗೋ ಅರೌಂಡ್. ಅಂದರೆ ಇಳಿಯಬೇಡ, ಇನ್ನೊಂದು ಸುತ್ತು ಹೊಡೆದು ಬಾ ಎಂದು. ಹೇಳಿದ್ದನ್ನು ಮರಳಿ ಹೇಳಿ ವಿಮಾನದ ಮೂಗೆತ್ತಿದೆ. ಸುತ್ತು ಹೊಡೆದು ಬಂದು ಮತ್ತೆ ಅನುಮತಿ ಕೇಳಿದೆ.

ಆ ಕಡೆಯಿಂದ ಅದೇ ದನಿ, ಅಚ್ಚ ಬೆಂಗಳೂರು ಕನ್ನಡದಲ್ಲಿ: “ಸರ್, ನಾನೂ ಪುಣೆನಲ್ಲೇ ಇರೋದು, ಸಾಫ್ಟ್‌ವೇರ್. ಆಂಟಿ ಅಷ್ಟು ಕ್ಲಿಯರ್ ಆಗಿ ಇನ್‌ಸ್ಟ್ರಕ್ಷನ್ ಕೊಟ್ರು, ನೀವು ರೀಡ್‌ಬ್ಯಾಕ್ ಮಾಡ್ಲೇ ಇಲ್ಲ. ಫಸ್ಟ್ ಅದು ಮಾಡಿ, ಆಮೇಲೆ ಲ್ಯಾಂಡಿಂಗ್. ನಮ್ಮಪ್ಪಾನೂ ಹಿಂಗೇ ಸರ್, ಬರೀ ಹ್ಞೂಂ.”

ಸುನಂದಾ ಸ್ಪೀಕರನ್ನು ನೋಡಿದಳು. ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಅಂಥ ತೃಪ್ತಿಯನ್ನು ನಾನು ನಮ್ಮ ಮದುವೆಯ ದಿನವೂ ಕಂಡಿರಲಿಲ್ಲ. ಹಿಂದೆ ವಿಮಾನಗಳು ಸಾಲುಗಟ್ಟಿವೆ. ಕೀಲಿ ಒತ್ತಿ, ಇಡೀ ಆಕಾಶಕ್ಕೆ ಕೇಳುವಂತೆ ಹೇಳಿದೆ: “ನಾಳೆ ಮುಂಜಾನಿ ಏಳಕ್ಕ ಸ್ವಾರಗೇಟ್, ಅಲ್ಲಿಂದ ಜೇಜುರಿ ಬಸ್ಸು, ಭಂಡಾರ ಆಕಿ, ಕೊಬ್ಬರಿ ನಾನು.”

ಕಂಟ್ರೋಲರ್ ಬಾಯಿ ತೆರೆಯುವ ಮೊದಲೇ ಸುನಂದಾ ಮೈಕಿಗೆ ಬಗ್ಗಿ, “ಹಾಂ, ಈಗ ಇಳೀರಿ” ಎಂದಳು.

ಇಳಿದೆ. ವಿಮಾನ ಕಪ್ಪೆಯ ಹಾಗೆ ಕುಪ್ಪಳಿಸಿತು.

ಮಾರನೆಯ ದಿನ ಜೇಜುರಿಯಲ್ಲಿ ಭಕ್ತರು ಎರಚುವ ಅರಿಶಿನದ ಮೋಡದೊಳಗೆ ಇಬ್ಬರೂ ಮೆಟ್ಟಿಲು ಹತ್ತುತ್ತಿದ್ದೆವು. ನಡುವೆ ಅವಳು ಉಸಿರು ತಗೊಂಡು, “ನೀರಿನ ಬಾಟ್ಲಿ ಹಿಡೀರಿ, ನನ್ನ ಎಡಗಡೆ ಬರ್ರಿ, ಸಾವಕಾಶ ಹತ್ರಿ” ಎಂದಳು. ಅಭ್ಯಾಸಬಲ, ‘ಹ್ಞೂಂ’ ಎಂದುಬಿಟ್ಟೆ.

ಅವಳು ಅಲ್ಲೇ ನಿಂತಳು. ಹಿಂದಿದ್ದ ಜನ ನಿಂತರು, ಅವರ ಹಿಂದಿನವರೂ ನಿಂತರು. ಕೆಳಗಿನಿಂದ ಯಾರೋ ‘ಚಲಾ, ಚಲಾ’ ಎಂದು ಕೂಗಿದರು. ಸುನಂದಾ ಅಲುಗಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತ ನಿಂತಳು.

“ಬಾಟ್ಲಿ ಹಿಡಿದೆ, ಎಡಗಡೆ ಬಂದೆ, ಸಾವಕಾಶ ಹತ್ತತೀನಿ” ಎಂದೆ.

ಸಾಲು ಮುಂದೆ ಸಾಗಿತು.